ಟ್ರೇಲರ್ ಮೇಲೆ ಟ್ರಾಕ್ಟರ್: ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಕಟ್ಟಿ ತಂದದ್ದು

ಮೂರು ವರ್ಷದ ಹಿಂದೆ ಇದೇ ಟ್ರೇಲರ್ ಮೇಲೆ ಒಂದು ಟ್ರಾಕ್ಟರ್ ಹೇರಿಕೊಂಡು ಬಂದಿದ್ದೆ. ಆಗ ಕಟ್ಟಿದ್ದು ಕಬ್ಬಿನ ಲೋಡಿಗೆ ಬಿಗಿಯುವ ನೈಲಾನ್ ಹಗ್ಗ. ಗೇರಿಗೆ ಹಾಕಿ, ಬ್ರೇಕ್ ಲಾಕ್ ಮಾಡಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಇನ್ನೇನು ಬೇಕು ಅಂದುಕೊಂಡು ಹೊರಟೆ. ಶಾಲೆ ಮುಂದಿನ ಹಂಪ್ ಹತ್ತುವಾಗ ಹಿಂದಿನಿಂದ ದಡಾರ್ ಅಂತ ಸದ್ದು. ಇಳಿದು ನೋಡಿದರೆ ಟ್ರಾಕ್ಟರ್ ಒಂದಡಿ ಹಿಂದಕ್ಕೆ ಬಂದು ಹಿಂಬಾಗಿಲನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಂತಿತ್ತು. ಹಗ್ಗ ಹರಿದಿರಲಿಲ್ಲ. ಗಂಟು ಬಿಚ್ಚಿರಲಿಲ್ಲ. ಗೇರು, ಬ್ರೇಕು ಎಲ್ಲಾ ಹಾಕಿದ ಹಾಗೇ ಇದ್ದವು. ಕಲ್ಲುಗಳೂ ಇಟ್ಟ ಜಾಗದಲ್ಲೇ ಇದ್ದವು, ಆದರೆ ಹಿಂದಿನ ಟೈರು ಅವನ್ನು ದಾಟಿ ಕೂತಿತ್ತು.

ಅಂದರೆ ಚಕ್ರ ಉರುಳಿರಲಿಲ್ಲ. ಟ್ರಾಕ್ಟರ್ ನೆಗೆದಿತ್ತು.

ಇದು ತಲೆಗೆ ಹೋಗೋಕೆ ನನಗೆ ಸುಮಾರು ದಿನ ಹಿಡಿಯಿತು. ಕಾರಿಗಿರುವಂತೆ ಟ್ರಾಕ್ಟರ್‌ನ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗ್ ಪಟ್ಟಿ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಅದಕ್ಕಿರುವ ಸ್ಪ್ರಿಂಗ್ ಅಂದರೆ ಟೈರೊಳಗಿನ ಗಾಳಿ ಮಾತ್ರ. ಗುಂಡಿ ಬಿದ್ದರೆ ಟೈರ್ ಕುಗ್ಗುತ್ತೆ, ಆ ಗಳಿಗೆಯಲ್ಲಿ ಕಟ್ಟು ಸಡಿಲ. ಮರುಗಳಿಗೆ ಟೈರ್ ಉಬ್ಬಿ ಇಡೀ ಗಾಡಿಯನ್ನು ಮೇಲಕ್ಕೆ ಚಿಮ್ಮಿಸುತ್ತೆ, ಆಗ ಹಗ್ಗ ಜಗ್ಗಿಸಿಕೊಂಡು ಹಿಗ್ಗುತ್ತೆ. ನೈಲಾನ್ ಹಗ್ಗ ಹಿಗ್ಗೋಕೇ ಹುಟ್ಟಿದ್ದು. ಹತ್ತು ಗುಂಡಿ ಆಗುವಷ್ಟರಲ್ಲಿ ನಾವು ಕಟ್ಟಿದ ಬಿಗಿ ಎಲ್ಲಿರುತ್ತೆ?

ಹೋದ ತಿಂಗಳು ನಾಗಮಂಗಲದ ಆಚೆ ಒಂದು ಹಳ್ಳಿಯಲ್ಲಿ ಹಳೆಯ ಮಹೀಂದ್ರ 575 ಸಿಕ್ಕಿತು. ರೇಡಿಯೇಟರ್‌ನಲ್ಲಿ ನೀರಿಲ್ಲದೆ ಉಳುಮೆ ಮಾಡಿ ಇಂಜಿನ್ ಜಾಮ್ ಆಗಿತ್ತು. ಗೇರ್ ಬಾಕ್ಸ್, ಹೌಸಿಂಗ್, ಟೈರು ಎಲ್ಲಾ ಗಟ್ಟಿ. ಬೆಲೆಯೂ ಕುದುರಿತು. ಶ್ರೀರಂಗಪಟ್ಟಣದ ಹತ್ತಿರದ ನನ್ನ ಶೆಡ್ಡಿಗೆ ತರಬೇಕಾದ ದೂರ ಐವತ್ತು ಕಿ.ಮೀ. ಆಸುಪಾಸು. ಈ ಸಲ ಹಗ್ಗ ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ.

ಟ್ರೇಲರ್ ನನ್ನದೇ. ಎರಡು ಚಕ್ರದ್ದು, ಟಿಪ್ಪಿಂಗ್ ಇಲ್ಲ, 12 ಅಡಿ ಉದ್ದ, ಆರೂವರೆ ಅಡಿ ಅಗಲ. ಎಂಟು ಟನ್ ಕಬ್ಬು ಹೊತ್ತ ಗಾಡಿಗೆ ಎರಡು ಟನ್ ಟ್ರಾಕ್ಟರ್ ಯಾವ ಲೆಕ್ಕ ಅನ್ನಿಸಬಹುದು. ತೂಕದ ವಿಷಯ ಹೌದು. ಆದರೆ ಕಬ್ಬು ಹಾಸಿನ ಉದ್ದಕ್ಕೂ ಹರಡಿಕೊಂಡು ಮಲಗುತ್ತೆ. ಟ್ರಾಕ್ಟರ್ ಹಾಗಲ್ಲ, ನಾಲ್ಕು ಕಡೆ ಕಾಲೂರಿ ಎತ್ತರದಲ್ಲಿ ಭಾರ ಹೊತ್ತು ನಿಲ್ಲುತ್ತೆ.

ಮೊದಲ ಶನಿವಾರ, ಹಗ್ಗದ ಬದಲು ಹಾಕುವ ಸರಪಳಿಯನ್ನು ಸಿಕ್ಕಿಸೋಕೆ ಟ್ರೇಲರಿಗೆ ಕೊಂಡಿ ಕೂರಿಸುವ ಕೆಲಸ. ಟ್ರೇಲರ್ ಬದಿಯಲ್ಲಿ ಹಗ್ಗಕ್ಕೆಂದು ಇದ್ದ 10 ಮಿ.ಮೀ. ಸರಳಿನ ಬಳೆಗಳನ್ನು ನಂಬುವ ಹಾಗಿರಲಿಲ್ಲ. ಆತುರಗಾರನ ಬುದ್ಧಿ, 12 ಮಿ.ಮೀ. ಪ್ಲೇಟ್ ಕತ್ತರಿಸಿ, ತೂತು ಕೊರೆದು, ಹಾಸಿನ ತಗಡಿನ ಮೇಲೇ ವೆಲ್ಡ್ ಮಾಡಿಬಿಟ್ಟೆ. ಹಾಸು 4 ಮಿ.ಮೀ. ತಗಡು. ಎದುರು ಬದುರಿನ ಎರಡು ಕೊಂಡಿಗೆ, ಕೈಯಲ್ಲಿ ಸರಪಳಿ ಎಳೆದು ಭಾರ ಜಗ್ಗುವ ಎರಡು ಟನ್ನಿನ ಚೈನ್ ಪುಲ್ಲಿ ಹಾಕಿ ಎಳೆದೆವು. ಕೊಂಡಿಗೆ ಏನೂ ಆಗಲಿಲ್ಲ, ವೆಲ್ಡಿಗೂ ಏನೂ ಆಗಲಿಲ್ಲ. ಕೆಳಗಿನ ತಗಡು ಮಾತ್ರ ಕಾವಲಿಯಿಂದ ದೋಸೆ ಏಳುವ ಹಾಗೆ ಎದ್ದು ಬಂತು. ಭಾವಮೈದ ನಗುತ್ತಾ ನಿಂತ. “ಭಾವ, ಬೀಗ ಗೋದ್ರೇಜು, ಬಾಗ್ಲು ರಟ್ಟು” ಅಂದ. ತಪ್ಪೇನೂ ಹೇಳಲಿಲ್ಲ.

ಎಲ್ಲಾ ಗ್ರೈಂಡರ್‌ನಲ್ಲಿ ಕಿತ್ತು ಹಾಕಿ ಎರಡನೇ ಸಲ ಶುರು ಮಾಡಿದೆ. ಈ ಬಾರಿ ತಗಡಿನ ನಾಲ್ಕು ಮೂಲೆಯಲ್ಲಿ ಕಿಂಡಿ ಕತ್ತರಿಸಿ, ಪ್ಲೇಟನ್ನು ಅದರೊಳಗಿಂದ ಇಳಿಸಿ ಕೆಳಗೆ ಹಾಸನ್ನು ಹೊತ್ತಿರುವ ಉದ್ದ ಕಬ್ಬಿಣದ ಚಾನಲ್‌ಗೇ ಕೂರಿಸಿದೆ. ಚಾನಲ್ಲಿನ ತುಕ್ಕು, ಬಣ್ಣ ಎಲ್ಲಾ ಹೋಗಿ ಬೆಳ್ಳಿ ಕಾಣುವ ತನಕ ಉಜ್ಜಿ, ಎರಡೂ ಬದಿ 100 ಮಿ.ಮೀ. ಉದ್ದಕ್ಕೆ 6 ಮಿ.ಮೀ. ವೆಲ್ಡ್. ವೆಲ್ಡಿಂಗ್ ರಾಡು 7018. ನಮ್ಮ ಕಡೆ ಅಂಗಡಿಗಳಲ್ಲಿ 6013 ಬಿಟ್ಟು ಬೇರೆ ರಾಡು ಕೇಳಿದರೆ ಮುಖ ನೋಡುತ್ತಾರೆ. 7018ಕ್ಕೆ ತೇವ ತಾಗಲೇಬಾರದು, ಬಿಸಿ ಮಾಡಿ ಒಣಗಿಸಿಕೊಂಡೇ ಬಳಸಬೇಕು. ಪ್ರತಿ ಕೊಂಡಿಯ ಬೆನ್ನಿಗೂ ಒಂದು ತ್ರಿಕೋನದ ತುಂಡು ಸಪೋರ್ಟ್ ಕೊಟ್ಟೆ. ಮತ್ತೆ ಅದೇ ಚೈನ್ ಪುಲ್ಲಿ, ಅದೇ ಎಳೆತ. ಟ್ರೇಲರೇ ಕಿರ್ ಅಂದಿತೇ ಹೊರತು ಕೊಂಡಿ ಅಲುಗಲಿಲ್ಲ. ತೂತಿಗೆ 16 ಮಿ.ಮೀ. ಶಾಕಲ್, ಅಂದರೆ ಅಡ್ಡ ಪಿನ್ನಿರುವ ಯು ಆಕಾರದ ಕೊಂಡಿ ಹಾಕಿದೆ. ಅದರ ಮೈಮೇಲೇ ಮೂರೂ ಕಾಲು ಟನ್ ಅಂತ ಅಚ್ಚಿರುತ್ತೆ.

ಸರಪಳಿಗೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಹೋಗಿ ಬಂದೆ. ಹಳ್ಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಸರಪಳಿ ಗೇಟು ಕಟ್ಟೋಕೆ, ನಾಯಿ ಕಟ್ಟೋಕೆ ಸರಿ. ಬೇಕಾದದ್ದು ಗಟ್ಟಿ ಉಕ್ಕಿನ 80 ಗ್ರೇಡಿನದು. ಅದರ ಕೊಂಡಿಗಳ ಮೇಲೆ 8 ಅಥವಾ 80 ಅಂತ ಒತ್ತಿರುತ್ತಾರೆ, ಒತ್ತಿಲ್ಲದಿದ್ದರೆ ಅಂಗಡಿಯವರ ಬಾಯಿಮಾತನ್ನು ಲೆಕ್ಕಕ್ಕೆ ತಗೋಬೇಡಿ. ನಾನು ತಂದದ್ದು 8 ಮಿ.ಮೀ. ದಪ್ಪದ್ದು, ಭಾರ ಎತ್ತುವುದಕ್ಕೆ ಎರಡು ಟನ್ ಲೆಕ್ಕದ್ದು. ಜೊತೆಗೆ ಬಿಗಿಯುವುದಕ್ಕೆ, ಹಿಡಿ ಆಡಿಸಿದಂತೆ ಸ್ಕ್ರೂ ತಿರುಗಿ ಬಿಗಿಯಾಗುವ ನಾಲ್ಕು ರ್‍ಯಾಚೆಟ್ ಬೈಂಡರ್. ಹಿಡಿಯನ್ನು ಒಂದೇ ಸಲ ಮಡಚಿ ಬಿಗಿಸುವ ಲಿವರ್ ಬೈಂಡರ್ ಅಗ್ಗ. ಆದರೆ ಬಿಚ್ಚುವಾಗ ಹಿಡಿ ಚಿಮ್ಮಿ ಹೊಡೆದರೆ ದವಡೆ ಉಳಿಯಲ್ಲ. ಆ ಉಳಿತಾಯ ನನಗೆ ಬೇಡ.

ಎರಡು ಟನ್ನಿನ ಸರಪಳಿ ಸಾಕು ಅಂತ ಹೇಗೆ ಗೊತ್ತು? ತೂಕ ತಿಳಿಯದೆ ಈ ಪ್ರಶ್ನೆಗೆ ಉತ್ತರವಿಲ್ಲ. 575ರ ಕಂಪನಿ ತೂಕ 1,900 ಕೆ.ಜಿ.ಯ ಆಸುಪಾಸು. ಆದರೆ ಟ್ರಾಕ್ಟರ್ ಮಾರಿದ ಗೌಡ್ರು ಗದ್ದೆ ಉಳುಮೆಗೆ ಅಂತ ಹಿಂದಿನ ಟೈರುಗಳಿಗೆ ನೀರು ತುಂಬಿಸಿದ್ದರು. ಅವರ ಊರಿಂದ ಒಂದು ಕಿ.ಮೀ. ದೂರದಲ್ಲಿ ಭತ್ತದ ಮಿಲ್ಲಿನ ವೇಬ್ರಿಡ್ಜ್ ಇತ್ತು. ನ್ಯೂಟ್ರಲ್ ಮಾಡಿ ಕಬ್ಬಿಣದ ರಾಡಿನಲ್ಲಿ ನಡಿಗೆ ವೇಗಕ್ಕೆ ಎಳೆದುಕೊಂಡು ಹೋದೆವು. ಪೂರ್ತಿ ನಿಲ್ಲಿಸಿದಾಗ 2,180 ಕೆ.ಜಿ. ಮುಂದಿನ ಚಕ್ರ ಮಾತ್ರ ಹತ್ತಿಸಿದಾಗ 760. ಉಳಿದ 1,420 ಹಿಂದಿನ ಆಕ್ಸಲ್ ಮೇಲೆ. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಟೇಪು ಹಿಡಿದರೆ 1.95 ಮೀಟರ್. 760ನ್ನು 2,180ರಿಂದ ಭಾಗಿಸಿ 1.95ರಿಂದ ಗುಣಿಸಿದರೆ 0.68. ಅಂದರೆ ಇಡೀ ಟ್ರಾಕ್ಟರಿನ ಭಾರ ಹಿಂದಿನ ಆಕ್ಸಲ್‌ಗಿಂತ 68 ಸೆಂ.ಮೀ. ಮುಂದೆ, ಹೆಚ್ಚುಕಮ್ಮಿ ಕ್ಲಚ್ ಹೌಸಿಂಗ್ ಇರುವ ಕಡೆ ಇದೆ. ಆ ಜಾಗಕ್ಕೆ ಚಾಕ್‌ಪೀಸಿನಲ್ಲಿ ಗೀಟು ಹಾಕಿದೆ.

ಹೊರೆ ಕಟ್ಟುವುದಕ್ಕೆ ಯುರೋಪಿನವರು ಇಟ್ಟುಕೊಂಡಿರುವ ಲೆಕ್ಕ ನನಗೆ ಇಷ್ಟ: ಜೋರಾಗಿ ಬ್ರೇಕ್ ಹೊಡೆದರೆ ತೂಕದ ಶೇ. 80ರಷ್ಟು ಬಲ ಮುಂದಕ್ಕೆ, ಹಿಂದಕ್ಕೂ ಪಕ್ಕಕ್ಕೂ ಶೇ. 50ರಷ್ಟು. ನಮ್ಮ ಟ್ರಾಕ್ಟರಿಗೆ ಮುಂದಕ್ಕೆ ಸುಮಾರು 1,740 ಕೆ.ಜಿ. ಆಯಿತು. ಅದನ್ನು ತಡೆಯುವುದು ಹಿಂದಿನ ಎರಡು ಸರಪಳಿ. ಅವು ನೇರ ಹಿಂದಕ್ಕೆ ಎಳೆಯುವುದಿಲ್ಲ, ಕೆಳಕ್ಕೂ ಅಡ್ಡಕ್ಕೂ ಎಳೆಯುತ್ತವೆ. ನನ್ನ ಟ್ರೇಲರಿನ ಅಳತೆಯಲ್ಲಿ ಸರಪಳಿಯ ಬಲದಲ್ಲಿ ನೂರಕ್ಕೆ ಅರವತ್ತು ಪಾಲು ಮಾತ್ರ ಹಿಂದಕ್ಕೆ ಸಿಗುತ್ತೆ. ಟೈರಿನ ಹಿಡಿತವನ್ನು ಪೂರ್ತಿ ಮರೆತರೂ ಒಂದೊಂದು ಸರಪಳಿಗೆ ಒಂದೂವರೆ ಟನ್ ಬೀಳುತ್ತೆ. ಎರಡು ಟನ್ನಿನದು ಸಾಕು.

ಇನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದು. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂಭಾರವಾದರೆ ಮೂಕಿ, ಅಂದರೆ ಗಾಡಿಯ ಮುಂದಿನ ಮರ, ಮೇಲೇಳುತ್ತೆ, ಮುಂಭಾರ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣು. ಎರಡು ಚಕ್ರದ ಟ್ರೇಲರೂ ಅದೇ ಗಾಡಿ, ಎತ್ತಿನ ಬದಲು ಟ್ರಾಕ್ಟರಿನ ಹುಕ್ಕು. ನನ್ನ ಚಾಕ್‌ಪೀಸ್ ಗೀಟು ಟ್ರೇಲರ್ ಆಕ್ಸಲ್‌ಗಿಂತ 25 ಸೆಂ.ಮೀ. ಮುಂದೆ ಬರುವ ಹಾಗೆ ನಿಲ್ಲಿಸಿದರೆ ಹುಕ್ಕಿನ ಮೇಲೆ 160 ಕೆ.ಜಿ. ಹೆಚ್ಚುವರಿ ಭಾರ ಬೀಳುತ್ತೆ, ಬಂಪರ್‌ಗೂ ಟ್ರೇಲರಿನ ಮುಂದಿನ ಹಲಗೆಗೂ ನಾಲ್ಕು ಬೆರಳು ಜಾಗ ಉಳಿಯುತ್ತೆ. ಇನ್ನೂ ಮುಂದಕ್ಕೆ ತರಬೇಕೆಂದರೂ ಜಾಗವಿಲ್ಲ.

ಹತ್ತಿಸುವ ದಿನ ಗೌಡ್ರ ಹೊಲದ ಏರಿಗೆ ಟ್ರೇಲರನ್ನು ಹಿಮ್ಮುಖವಾಗಿ ಕೊಟ್ಟೆವು. ಹಾಸು ನೆಲದಿಂದ 95 ಸೆಂ.ಮೀ. ಎತ್ತರ. ಸಮನೆಲದಿಂದ ಎಂಟಡಿ ಹಲಗೆ ಇಟ್ಟು ಎಳೆದರೆ ಇಳಿಜಾರೊಂದಕ್ಕೇ ಸುಮಾರು 850 ಕೆ.ಜಿ. ಬಲ ಬೇಕು. ಏರಿ 60 ಸೆಂ.ಮೀ. ಎತ್ತರವಿದ್ದದ್ದರಿಂದ ಉಳಿದದ್ದು 35 ಸೆಂ.ಮೀ. ಮಾತ್ರ, ಸುಮಾರು 310 ಕೆ.ಜಿ.ಗೆ ಇಳಿಯಿತು. ಸ್ಟಾರ್ಟ್ ಆಗುವ ಟ್ರಾಕ್ಟರಾದರೂ ನಾನು ಏರಿಯನ್ನೇ ಹುಡುಕುತ್ತೇನೆ. ಕಡಿದಾದ ಹಲಗೆಯ ಮೇಲೆ ಮುಂದಾಗಿ ಹತ್ತಿಸುವಾಗ ಮೂತಿ ಎದ್ದು ಹಿಂದಕ್ಕೆ ಮಗುಚಿಕೊಂಡರೆ ಸೀಟಿನಲ್ಲಿದ್ದವನಿಗೆ ಹಾರೋಕೂ ಸಮಯವಿರಲ್ಲ.

ಹತ್ತಿಸುವ ಮೊದಲು ಟ್ರೇಲರಿನ ಹಿಂದಿನ ಎರಡು ಮೂಲೆಗೂ ಪೈಪಿನ ಕಾಲು ಕೊಟ್ಟೆ. ಇದನ್ನು ಬಿಟ್ಟು ಪೆಟ್ಟು ತಿಂದವರು ನಮ್ಮ ಕಡೆ ಬೇಕಾದಷ್ಟು ಜನ. ಟ್ರಾಕ್ಟರಿನ ಹಿಂದಿನ ಚಕ್ರ ಹಾಸಿನ ಅಂಚಿಗೆ ಬಂದಾಗ 1,420 ಕೆ.ಜಿ. ಪೂರ್ತಿ ಟ್ರೇಲರ್ ಆಕ್ಸಲ್‌ನ ಹಿಂದೆ ಕೂರುತ್ತೆ. ನನ್ನ ಲೆಕ್ಕಕ್ಕೆ ಆಗ ಮೂಕಿ 400 ಕೆ.ಜಿ. ಬಲದಲ್ಲಿ ಮೇಲೇಳಲು ನೋಡುತ್ತೆ. ಎಳೆಯುವ ಟ್ರಾಕ್ಟರಿನ ಹಿಂದಿನ ಚಕ್ರದ ಭಾರ ಅಷ್ಟು ಕಮ್ಮಿಯಾದರೆ ಬ್ರೇಕ್ ಹಾಕಿ ನಿಲ್ಲಿಸಿದ್ದೂ ಜಾರಬಹುದು. ಕಾಲು ಕೊಟ್ಟರೆ ಆ ಭಾರ ನೆಲಕ್ಕೇ ಹೋಗುತ್ತೆ.

ಸರಪಳಿ ಇಳಿಸುತ್ತಿದ್ದದ್ದನ್ನು ನೋಡಿ ಗೌಡ್ರು ಎಲೆಯಡಿಕೆ ಉಗಿದು ಬಂದರು.

“ಏನಪ್ಪಾ ಇದು, ದಸರಾ ಆನೆ ಕಟ್ಟಾಕೆ ಬಂದಿದ್ದೀಯಾ?”

“ಆನೆ ನಾಕು ಕಾಲ್ ಮ್ಯಾಲೆ ನಿಂತ್ಕತದೆ ಗೌಡ್ರೇ. ಇದು ಗಾಳಿ ಮ್ಯಾಲೆ ನಿಂತದೆ.”

ಅವರಿಗೆ ಅರ್ಥವಾಯಿತೋ ಇಲ್ಲವೋ, ಕೊನೆ ತನಕ ನೆರಳಲ್ಲಿ ಕೂತು ನೋಡಿದರು.

ಮುಂದಿನ ಹಲಗೆಯ ಕೆಳಗಿನ ಚಾನಲ್‌ಗೆ ಚೈನ್ ಪುಲ್ಲಿ ಕಟ್ಟಿ, ನ್ಯೂಟ್ರಲ್‌ನಲ್ಲಿ ಎಳೆದೆವು. ಭಾವಮೈದ ಸ್ಟೇರಿಂಗ್ ಹಿಡಿದು ಬ್ರೇಕ್ ಮೇಲೆ ಕಾಲಿಟ್ಟು ಕೂತಿದ್ದ. ನಾನು ಪುಲ್ಲಿ ಎಳೆದೆ. ಗೌಡ್ರ ಮಗ ಹಿಂದಿನ ಚಕ್ರದ ಜೊತೆಜೊತೆಗೇ ಮರದ ತುಂಡು ಜರುಗಿಸುತ್ತಾ ಬಂದ, ಟ್ರಾಕ್ಟರಿನ ಹಿಂದೆ ನಿಂತು ಅಲ್ಲ, ಪಕ್ಕಕ್ಕೆ ನಿಂತು, ಉದ್ದ ಕೋಲಿನಲ್ಲಿ ತಳ್ಳುತ್ತಾ. ಪುಲ್ಲಿಯ ಸರಪಳಿ ಮುಗಿದಾಗಲೆಲ್ಲ ನಿಲ್ಲಿಸಿ, ಚಕ್ರಕ್ಕೆ ತುಂಡು ಕೊಟ್ಟು, ಪುಲ್ಲಿ ಬಿಚ್ಚಿ ಮತ್ತೆ ಹಾಕಬೇಕು. ಒಂದೂವರೆ ಗಂಟೆ ಹೋಯಿತು.

ಕಟ್ಟುವ ಮೊದಲು ಟೈರಿನ ಗಾಳಿ ನೋಡಿದೆ. ಹಿಂದಿನವು 12 ಪಿ.ಎಸ್.ಐ. ಇದ್ದವು, ಉಳುಮೆಯ ಗಾಳಿ. 20ಕ್ಕೆ ಏರಿಸಿದೆ. ಟೈರ್ ಗಟ್ಟಿಯಾದಷ್ಟೂ ಕುಣಿತ ಕಮ್ಮಿ. ಆಮೇಲೆ ಮುಂದಿನ ಆಕ್ಸಲ್. ಟ್ರಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದು ಪಿನ್ನಿನ ಮೇಲೆ ತೂಗಾಡುತ್ತೆ, ಹೊಲದ ಏರುತಗ್ಗಿಗೆ ಹಾಗೇ ಇರಬೇಕು. ಟ್ರೇಲರ್ ಮೇಲೆ ಮಾತ್ರ ಆ ತೂಗಾಟ ಶತ್ರು. ವರ್ಕ್‌ಶಾಪಿನಲ್ಲಿ ಟ್ರಾಕ್ಟರನ್ನು ಎರಡು ಭಾಗ ಬಿಚ್ಚುವಾಗ ಆಕ್ಸಲ್ ಬೀಮಿಗೂ ಮೇಲಿನ ಬ್ರಾಕೆಟ್ಟಿಗೂ ನಡುವೆ ಎರಡೂ ಕಡೆ ಮರದ ಬೆಣೆ ಹೊಡೆಯುತ್ತಾರಲ್ಲ, ಅದನ್ನೇ ಇಲ್ಲೂ ಮಾಡಿದೆ. ಹೊಂಗೆ ಮರದ ಎರಡು ಬೆಣೆ, ಸುತ್ತಿಗೆಯಲ್ಲಿ ಬಡಿದು ಕೂರಿಸಿ, ಬೀಳದಂತೆ ಬೈಂಡಿಂಗ್ ವೈರ್ ಸುತ್ತಿದೆ. ಕೈಯಲ್ಲಿ ಬಾನೆಟ್ ಒತ್ತಿದರೆ ಮೊದಲಿನ ತೂಗಾಟ ಮುಕ್ಕಾಲು ಪಾಲು ಇರಲಿಲ್ಲ.

ಸರಪಳಿ ಎಲ್ಲಿಗೆ ಹಾಕಬೇಕು ಅನ್ನುವುದರಲ್ಲೇ ಜನ ಜಾಸ್ತಿ ತಪ್ಪು ಮಾಡುತ್ತಾರೆ. ಕೈಗೆ ಸಿಕ್ಕಿದ್ದು ಅಂತ ಸ್ಟೇರಿಂಗ್ ರಾಡಿಗೆ ಹಾಕುತ್ತಾರೆ, ಹಿಂದೆ ನೇಗಿಲು ಎತ್ತುವ ಲಿಫ್ಟ್ ಆರ್ಮಿಗೆ ಹಾಕುತ್ತಾರೆ. ರಾಡು ಬಗ್ಗುತ್ತೆ. ಆರ್ಮು ಗಟ್ಟಿಯೇ, ಆದರೆ ಅದು ಮೇಲೆ ಕೆಳಗೆ, ಅತ್ತ ಇತ್ತ ಆಡುವ ವಸ್ತು. ಟೈರ್ ಮೇಲಿಂದ ಬೆಲ್ಟ್ ಎಳೆಯುವವರೂ ಇದ್ದಾರೆ. ಕಾರಿಗೆ ಅದು ನಡೆಯುತ್ತೆ, ಟೈರು ಹಾಸಿಗೆ ಅಂಟಿಕೊಂಡಿದ್ದರೂ ಮೇಲಿನ ಮೈ ಸ್ಪ್ರಿಂಗ್ ಮೇಲೆ ಆಡಿಕೊಳ್ಳುತ್ತೆ. ಟ್ರಾಕ್ಟರಿನಲ್ಲಿ ಟೈರೇ ಸ್ಪ್ರಿಂಗ್. ಹಾಗಾಗಿ ಮುಂದೆ ಬಂಪರ್ ಹಿಡಿದಿರುವ ಎರಕದ ಬ್ರಾಕೆಟ್ಟು, ಹಿಂದೆ ಟ್ರೇಲರ್ ಸಿಕ್ಕಿಸುವ ಡ್ರಾಬಾರ್‌ನ ಬ್ರಾಕೆಟ್ಟಿನ ಎರಡು ಪಕ್ಕ. ಬ್ರೇಕ್ ರಾಡಿಗೆ, ಡೀಸೆಲ್ ಪೈಪಿಗೆ ಸರಪಳಿ ತಾಗದಂತೆ ಬಗ್ಗಿ ನೋಡಿದೆ.

ಹಿಂದೆ ಎಡ ಪಕ್ಕದ್ದು ಬಲ ಮೂಲೆಗೆ, ಬಲದ್ದು ಎಡ ಮೂಲೆಗೆ, ಕತ್ತರಿ ಹಾಕಿದ ಹಾಗೆ. ಮೊದಲು ಅದೇ ಪಕ್ಕದ ಮೂಲೆಗೆ ಎಳೆದು ನೋಡಿದ್ದೆ, ಸರಪಳಿ ಹಿಂದಿನ ಟೈರಿನ ಒಳಮೈಗೆ ಉಜ್ಜಿತು. ಐವತ್ತು ಕಿ.ಮೀ. ಹಾಗೇ ಬಂದಿದ್ದರೆ ಟೈರ್ ಗತಿ ಹೇಳೋದು ಬೇಡ. ಕತ್ತರಿ ಹಾಕಿದರೆ ಟೈರಿಗೆ ತಾಗಲ್ಲ, ಪಕ್ಕಕ್ಕೆ ಜಾರುವುದನ್ನೂ ತಡೆಯುತ್ತೆ. ನಾಲ್ಕನ್ನೂ ಒಂದೊಂದು ಸುತ್ತು, ಅತ್ತ ಒಂದು ಇತ್ತ ಒಂದು ಬಿಗಿಯುತ್ತಾ ಬಂದು, ಟೈರು ಬೆರಳು ದಪ್ಪ ಕುಗ್ಗಿದಾಗ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಬಿಗಿದರೆ ಬ್ರಾಕೆಟ್ಟಿನ ಎರಕಕ್ಕೆ ಸುಮ್ಮನೆ ಒತ್ತಡ.

ಉಳಿದದ್ದು ಬೇಗ ಆಯಿತು. ಲಿಫ್ಟ್ ಆರ್ಮ್ ಕೆಳಗಿಳಿಸಿದ್ದು, ಟಾಪ್ ಲಿಂಕ್ ಮತ್ತು ಪಿನ್ನುಗಳನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿದ್ದು, ಬ್ಯಾಟರಿ ವೈರ್ ತೆಗೆದದ್ದು, ಸೈಲೆನ್ಸರ್ ಬಾಯಿಗೆ ಡಬ್ಬ ಮುಚ್ಚಿದ್ದು, ಬಾನೆಟ್ಟಿಗೆ ಹಳೇ ಟ್ಯೂಬ್ ಸುತ್ತಿದ್ದು. ಬ್ರೇಕ್ ಲಾಕ್ ಮಾಡಿ ಲೋ ಗೇರಿಗೆ ಹಾಕಿದೆ. ಜಾಮ್ ಆದ ಇಂಜಿನ್‌ಗಿಂತ ಒಳ್ಳೆ ಹ್ಯಾಂಡ್ ಬ್ರೇಕ್ ಎಲ್ಲಿದೆ ಹೇಳಿ. ಆದರೆ ಚಕ್ರ ಲಾಕ್ ಆದರೆ ಸಾಲದು ಅನ್ನೋದನ್ನು ಆ ಹಂಪ್ ಕಲಿಸಿತ್ತಲ್ಲ. ಕೊನೆಗೆ ಕೆಳಗಿನ ಪೈಪ್ ಕಾಲು ತೆಗೆದು, ಟೇಪು ಹಿಡಿದು ನೆಲದಿಂದ ತುತ್ತತುದಿಯ ಎತ್ತರ ಅಳೆದೆ. ಹಳ್ಳಿ ದಾರಿಯಲ್ಲಿ ಜೋತುಬಿದ್ದ ಕರೆಂಟ್ ವೈರ್ ಬಂದರೆ ಕಣ್ಣಂದಾಜು ನಡೆಯಲ್ಲ.

ದಾರಿ 150ಎ ಹೆದ್ದಾರಿ: ನಾಗಮಂಗಲ, ಜಕ್ಕನಹಳ್ಳಿ ಕ್ರಾಸ್, ಪಾಂಡವಪುರ, ಶ್ರೀರಂಗಪಟ್ಟಣ. ಮಂಡ್ಯ ಕಡೆಯಿಂದ ಸುತ್ತಿ ಬರುವ ಯೋಚನೆ ಮಾಡಲಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಟ್ರಾಕ್ಟರ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯೇ ಗತಿ. ಬೆಳಿಗ್ಗೆ ಆರೂವರೆಗೆ ಹೊರಟೆವು, 20–22 ಕಿ.ಮೀ. ವೇಗ. ಕತ್ತಲಲ್ಲಿ ಹೊರಡುವ ಪ್ರಶ್ನೆಯೇ ಇಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿದ್ದೆ. ಸೀಸನ್ನಿನಲ್ಲಿ ರಾತ್ರಿ ಹೊತ್ತು ಲೈಟಿಲ್ಲದ ಕಬ್ಬಿನ ಗಾಡಿಯ ಹಿಂದೆ ಬೈಕಿನಲ್ಲಿ ಹೋದವರಿಗೆ ಯಾಕೆ ಅಂತ ಗೊತ್ತು.

ಮೂರು ಕಿ.ಮೀ. ಆದ ಮೇಲೆ ನಿಲ್ಲಿಸಿ ನೋಡಿದರೆ ಮುಂದಿನ ಎಡ ಸರಪಳಿ ಆಗಲೇ ಸಡಿಲ. ಬೈಂಡರಿನಲ್ಲಿ ಎರಡು ಎಳೆತ ತಗೊಂಡಿತು. ಟೈರು ಹಾಸಿನ ಮೇಲೆ ಕೂತು ತನ್ನ ಜಾಗ ಹಿಡಿದುಕೊಂಡದ್ದು ಅಷ್ಟೇ. ಜಕ್ಕನಹಳ್ಳಿ ಕ್ರಾಸಿನಲ್ಲಿ ಟೀ ಕುಡಿಯುವಾಗ ಮತ್ತೆ ನೋಡಿದೆ. ಬಲ ಹಿಂದಿನ ಬೈಂಡರಿನ ಹಿಡಿ ಅಲುಗಾಟಕ್ಕೆ ತಾನೇ ಅರ್ಧ ಸುತ್ತು ತಿರುಗಿತ್ತು. ಇದು ನನ್ನದೇ ಅಸಡ್ಡೆ, ಹಿಡಿಯನ್ನು ಸರಪಳಿಗೆ ಸೇರಿಸಿ ಕಟ್ಟಬೇಕಿತ್ತು. ಬೈಂಡಿಂಗ್ ವೈರ್ ಗೋಣಿಚೀಲದ ತಳದಲ್ಲಿತ್ತು, ಅಲ್ಲೇ ನಾಲ್ಕಕ್ಕೂ ಸುತ್ತಿದೆ. ಇಳಿಜಾರಿನಲ್ಲಿ ಗೇರು ತೆಗೆಯಲಿಲ್ಲ. ಟ್ರೇಲರಿಗೆ ಬ್ರೇಕ್ ಇಲ್ಲ, ಹಿಂದೆ ಮೂರು ಟನ್ ತಳ್ಳುತ್ತಿರುವಾಗ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಕುಂತಿಬೆಟ್ಟ ಕಾಣುವ ಹೊತ್ತಿಗೆ ಮತ್ತೆ ಒಮ್ಮೆ ನಿಲ್ಲಿಸಿದೆ, ಈ ಸಲ ನಾಲ್ಕೂ ಸರಪಳಿ ತಂತಿಯ ಹಾಗಿದ್ದವು. ಪಾಂಡವಪುರ ದಾಟಿದ ಮೇಲೆ ಒಂದು ಹಂಪ್ ಗಮನಿಸದೆ ಸ್ವಲ್ಪ ಜೋರಾಗೇ ಹತ್ತಿಸಿದೆ. ತಿರುಗಿ ನೋಡಿದೆ. ಟ್ರಾಕ್ಟರ್ ಮತ್ತು ಟ್ರೇಲರ್ ಒಂದೇ ತುಂಡಿನ ಹಾಗೆ ಎದ್ದು ಕೂತವು.

ಶೆಡ್ಡಿನಲ್ಲಿ ಬಿಚ್ಚುವ ಮೊದಲು ಕಾಲು ಕೊಟ್ಟು, ಚಕ್ರಕ್ಕೆ ಮರದ ತುಂಡು ಕೊಟ್ಟು, ಆಮೇಲೆ ಬೈಂಡರ್ ಸಡಿಲಿಸಿದೆ. ಕೊನೆಯ ಸರಪಳಿ ಬಿಟ್ಟಾಗ ಟೈರು ಉಸಿರೆಳೆದುಕೊಂಡ ಹಾಗೆ ಉಬ್ಬಿ ಟ್ರಾಕ್ಟರ್ ಎರಡು ಬೆರಳು ಅಲುಗಿತು. ಹತ್ತಿರ ನಿಂತಿದ್ದ ಭಾವಮೈದ ಹಿಂದಕ್ಕೆ ಹಾರಿದ.

ಇಂಜಿನ್ ಬಿಚ್ಚುವ ಕೆಲಸ ಮುಂದಿನ ವಾರ. ಅದಕ್ಕೆ ಮೊದಲು ಟ್ರೇಲರ್ ತೊಳೆಯುವಾಗ ಬಲ ಹಿಂದಿನ ಕೊಂಡಿಯ ಬುಡದಲ್ಲಿ ಬಣ್ಣ ಕೂದಲೆಳೆಯಷ್ಟು ಬಿರಿದದ್ದು ಕಂಡಿದೆ. ಬಣ್ಣವೋ ವೆಲ್ಡೋ, ಗ್ರೈಂಡರ್ ಹಿಡಿದು ಬಿಡಿಸಿ ನೋಡಬೇಕು. ಅಲ್ಲಿಯ ತನಕ ಇದರ ಮೇಲೆ ಕಬ್ಬು ಬಿಟ್ಟು ಬೇರೇನೂ ಹೇರುವುದಿಲ್ಲ.